ಏಳು ವಾರಗಳಿಗೊಮ್ಮೆ ಹದ ತಪ್ಪುವ ಆರ್ಡುಯಿನೊ ಪಂಪ್ ನಿಯಂತ್ರಕ

ಪ್ರಶ್ನೆ: ಕೈತೋಟದ ಪಂಪನ್ನು ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಸುತ್ತಿದ್ದೇನೆ. ಆರು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ಅದು ಓಡಬೇಕು. ಬಹುಕಾಲ ತೊಂದರೆಯಿರಲಿಲ್ಲ. ಬೋರ್ಡಿಗೆ ಯುಪಿಎಸ್ ಜೋಡಿಸಿದ ಮೇಲೆ, ಸುಮಾರು ಏಳು ವಾರಗಳ ಅಂತರದಲ್ಲಿ ಎರಡು ಬಾರಿ ಪಂಪ್ ಕೆಲವು ಗಂಟೆ ಬಿಡುವಿಲ್ಲದೆ ಓಡಿ, ಕೊನೆಗೆ ರಿಲೇ (ಬೋರ್ಡಿನ ಅಪ್ಪಣೆಯಂತೆ ಪಂಪ್ ಹಚ್ಚಿ ಆರಿಸುವ ಸ್ವಿಚ್) ಟಕಟಕನೆ ಬಡಿದುಕೊಂಡು, ಆಮೇಲೆ ತಾನಾಗಿಯೇ ಸರಿಹೋಯಿತು. ರಿಲೇ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಯುಪಿಎಸ್‌ನಲ್ಲಿ ದೋಷವಿರಬಹುದೇ?

ಉತ್ತರ: ಯುಪಿಎಸ್ ನಿರಪರಾಧಿ, ಅಡಗಿದ್ದ ದೋಷವನ್ನು ಅದು ಹೊರಗೆ ತಂದಿದೆ ಅಷ್ಟೆ. ಬಿಸಿ, ಸಡಿಲ ತಂತಿ, ವೋಲ್ಟೇಜ್ ಏರಿಳಿತಗಳಿಂದಾಗುವ ತೊಂದರೆಗಳು ಹೀಗೆ ಲೆಕ್ಕವಿಟ್ಟು ಬರುವುದಿಲ್ಲ. ಆರ್ಡುಯಿನೊದ ಮಿಲಿಸ್ ಫಂಕ್ಷನ್ ಬೋರ್ಡ್ ಚಾಲೂ ಆದಾಗಿನಿಂದ ಮಿಲಿಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತದೆ. 4,29,49,67,295 ಮುಟ್ಟಿದ ಮೇಲೆ, ಅಂದರೆ 49 ದಿನ 17 ಗಂಟೆಗಳ ಬಳಿಕ, ಎಣಿಕೆ ಸೊನ್ನೆಗೆ ಮರಳುತ್ತದೆ. ಹಿಂದೆಲ್ಲ ಕರೆಂಟ್ ಹೋದಾಗಲೆಲ್ಲ ಬೋರ್ಡ್ ಹೊಸದಾಗಿ ಎಣಿಸಲು ತೊಡಗುತ್ತಿದ್ದುದರಿಂದ ಅದು ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ.

ನಿಮ್ಮ ಪ್ರೋಗ್ರಾಂ ಬಹುಶಃ ಈಗಿನ ಸಮಯಕ್ಕೆ ಆರು ಗಂಟೆ ಕೂಡಿಸಿ, ಮುಂದಿನ ಸರದಿಯ ಸಮಯವೆಂದು ಇಟ್ಟುಕೊಳ್ಳುತ್ತಿದೆ. ಕೊನೆಯ ಆರು ಗಂಟೆಗಳಲ್ಲಿ ಆ ಮೊತ್ತ ಮಿತಿ ಮೀರಿ ಚಿಕ್ಕ ಸಂಖ್ಯೆಯಾಗುವುದರಿಂದ, ಸರದಿ ಆಗಲೇ ಬಂದಿದೆಯೆಂದು ಬೋರ್ಡ್ ಮತ್ತೆ ಮತ್ತೆ ಪಂಪ್ ಹಚ್ಚುತ್ತದೆ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ನಿಲ್ಲಿಸುವ ಸಮಯಕ್ಕೂ ಅದೇ ಗತಿಯಾಗಿ ರಿಲೇ ಬಡಿದುಕೊಳ್ಳುತ್ತದೆ. ಕೂಡಿಸುವುದನ್ನು ಬಿಟ್ಟು, ಈಗಿನ ಎಣಿಕೆಯಿಂದ ಹಿಂದಿನ ಸರದಿಯ ಎಣಿಕೆಯನ್ನು ಕಳೆದು, ಬಂದ ವ್ಯತ್ಯಾಸವನ್ನು ಅವಧಿಯೊಂದಿಗೆ ಹೋಲಿಸಿ. ಎಲ್ಲ ಚರಾಂಶಗಳೂ ಅನ್‌ಸೈನ್ಡ್ ಲಾಂಗ್ (ಋಣ ಸಂಖ್ಯೆಗಳಿಲ್ಲದ 32 ಬಿಟ್ ಪೂರ್ಣಾಂಕ) ಆಗಿದ್ದರೆ ಎಣಿಕೆ ಮರಳಿದರೂ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ.

ಮರುಪ್ರಶ್ನೆ: ತಿಂಗಳಿಗೊಮ್ಮೆ ಬೋರ್ಡನ್ನು ಆರಿಸಿ ಹಚ್ಚಿದರೆ ಸಾಲದೇ?

ಉತ್ತರ: ತಾತ್ಕಾಲಿಕವಾಗಿ ಸಾಕು. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು 248 ದಿನ ಸತತವಾಗಿ ಚಾಲೂ ಇದ್ದರೆ ಕೌಂಟರ್ ಮಿತಿ ಮೀರಿ ವಿದ್ಯುತ್ ಕಡಿತವಾಗಬಹುದೆಂದು ಕಂಡುಬಂದಾಗ, 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯೂ ಹೊಸ ಸಾಫ್ಟ್‌ವೇರ್ ಬರುವವರೆಗೆ ನಿಯತವಾಗಿ ವಿದ್ಯುತ್ ಆರಿಸಿ ಹಚ್ಚುವಂತೆ ಆದೇಶಿಸಿತ್ತು. ಆದರೆ ನಿಮ್ಮದು ಎರಡು ಸಾಲು ತಿದ್ದಿದರೆ ಮುಗಿಯುವ ಕೆಲಸ. ಅದಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂರುವುದು ನನಗಂತೂ ಒಪ್ಪಿಗೆಯಿಲ್ಲ.

ತಿದ್ದಿದ ಮೇಲೆ ಪರೀಕ್ಷೆಗಾಗಿ ಏಳು ವಾರ ಕಾಯಬೇಕಾಗಿಲ್ಲ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್, ಸಮಯ ಎಣಿಸುವ ತನ್ನ ಜಿಫೀಸ್ ಕೌಂಟರಿನ 32 ಬಿಟ್ ಎಣಿಕೆಯನ್ನು, ಚಾಲೂ ಆಗಿ ಐದೇ ನಿಮಿಷಕ್ಕೆ ಮಿತಿ ಮುಟ್ಟುವಂತೆ ಬೇಕೆಂದೇ ಆರಂಭಿಸುತ್ತದೆ. ಅದೇ ಬಗೆಯಲ್ಲಿ, ಮಿಲಿಸ್ ಕೊಡುವ ಎಣಿಕೆಗೆ ಮಿತಿಗಿಂತ ಐದು ನಿಮಿಷದಷ್ಟು ಕಡಿಮೆಯಿರುವ ಸಂಖ್ಯೆಯನ್ನು ಕೂಡಿಸಿ ಕೊಡುವ ಸಣ್ಣ ಫಂಕ್ಷನ್ ಬರೆದು, ಪ್ರೋಗ್ರಾಮಿನುದ್ದಕ್ಕೂ ಅದನ್ನೇ ಬಳಸಿ. ಮೊದಲು ಹಳೆಯ ಪ್ರೋಗ್ರಾಮಿನಲ್ಲಿ ರಿಲೇ ಬಡಿದುಕೊಳ್ಳುವುದನ್ನು ನೋಡಿಕೊಂಡು, ಆಮೇಲೆ ತಿದ್ದಿದ್ದನ್ನು ಹಾಕಿ.