ಪೀಣ್ಯದಲ್ಲಿ ಮಾಡುವ ಕೆಲಸ ಲಿಂಕ್ಡ್‌ಇನ್‌ನಲ್ಲಿ ಕಾಣಬೇಕಾದರೆ: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ

ನಾನು ದಾವಣಗೆರೆಯವಳು. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. 6 ವರ್ಷದಿಂದ ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೇನೆ. ವಾಹನದ ಬಿಡಿಭಾಗ ಮಾಡುವ ದೊಡ್ಡ ಕಂಪನಿಗೆ ಹೋಗುವ ಆಸೆ ಇದೆ. ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದು ಮೂರು ವರ್ಷ ಆಯಿತು. ಹೆಸರು, ಕಾಲೇಜು, ‘ಕ್ವಾಲಿಟಿ ಇನ್‌ಸ್ಪೆಕ್ಟರ್’ ಅಂತ ಒಂದು ಸಾಲು, ಅಷ್ಟೇ ಇದೆ. ಇದುವರೆಗೆ ಒಬ್ಬರೂ ವಿಚಾರಿಸಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷಿನಲ್ಲಿ ಉದ್ದ ಬರೆಯಲು ಭಯ. ಈಗಿನ ಮಾಲೀಕರಿಗೆ ಗೊತ್ತಾಗಲೂಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾರ್ಖಾನೆಗಳಿಗೆ ಜನ ಹುಡುಕಿಕೊಡುವವರು

ನಾವು ಹೇಗೆ ಹುಡುಕುತ್ತೇವೆ ಅಂತ ಹೇಳಿಬಿಡುತ್ತೇನೆ. ಆಗ ಏನು ಬರೆಯಬೇಕು ಅನ್ನೋದು ನಿಮಗೇ ಹೊಳೆಯುತ್ತದೆ.

ಕಂಪನಿಯಿಂದ ನನಗೆ ಬರುವ ಬೇಡಿಕೆ ಹೀಗಿರುತ್ತದೆ: ‘ಸಿಎಂಎಂ (ಭಾಗಗಳ ಅಳತೆ ತೆಗೆಯುವ ಯಂತ್ರ) ಗೊತ್ತಿರಬೇಕು, ಡ್ರಾಯಿಂಗ್ ಓದಬೇಕು, ಪಿಪಿಎಪಿ (ಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ) ಕಾಗದಪತ್ರ ಮಾಡಿರಬೇಕು, ಐಎಟಿಎಫ್ 16949 (ವಾಹನ ಉದ್ಯಮದ ಗುಣಮಟ್ಟದ ಮಾನದಂಡ) ಆಡಿಟ್ ನೋಡಿರಬೇಕು.’ ನಾನು ಇದೇ ಪದಗಳನ್ನು ಹಾಕಿ ಹುಡುಕುತ್ತೇನೆ. ಜೊತೆಗೆ ಊರು ಮತ್ತು ಅನುಭವದ ವರ್ಷ ಸೇರಿಸುತ್ತೇನೆ. ನೀವು ದಿನಾ ಸಿಎಂಎಂ ಮುಂದೆ ನಿಂತಿರಬಹುದು. ಆ ಪದ ಪ್ರೊಫೈಲ್‌ನಲ್ಲಿ ಇಲ್ಲದಿದ್ದರೆ ನನ್ನ ಹುಡುಕಾಟಕ್ಕೆ ನೀವು ಸಿಗುವುದು ಬಹಳ ಕಷ್ಟ. ಯಾರೂ ವಿಚಾರಿಸದೇ ಇರಲು ಇದೇ ಕಾರಣ ಇರಬೇಕು. ನಿಮ್ಮ ಯೋಗ್ಯತೆಗೂ ಅದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಪಟ್ಟಿಯಲ್ಲಿ ನನಗೆ ಮೊದಲು ಕಾಣುವುದು ಫೋಟೋ, ಹೆಸರು, ಹೆಸರಿನ ಕೆಳಗಿನ ಸಾಲು ಮತ್ತು ಊರು. ಆ ಸಾಲನ್ನು ಹೆಡ್‌ಲೈನ್ ಅನ್ನುತ್ತಾರೆ. ಅದರಲ್ಲಿ 220 ಅಕ್ಷರ ಬರೆಯಬಹುದು, ನೀವು ಎರಡು ಪದಕ್ಕೆ ನಿಲ್ಲಿಸಿದ್ದೀರಿ. ಮೊಬೈಲ್‌ನಲ್ಲಿ ಅದು ಅರ್ಧಕ್ಕೇ ತುಂಡಾಗುತ್ತದೆ, ಹಾಗಾಗಿ ಮುಖ್ಯವಾದ್ದು ಮೊದಲು ಬರಲಿ. ಊರಿನ ಜಾಗದಲ್ಲಿ ದಾವಣಗೆರೆ ಇದ್ದರೆ ಬೆಂಗಳೂರು ಅಂತ ಬದಲಿಸಿ. ಹೊಸೂರಿಗೂ ಹೋಗಲು ತಯಾರಿದ್ದರೆ ಅದನ್ನೂ ಎಲ್ಲಾದರೂ ಬರೆಯಿರಿ.

ಹೆಸರಿನ ವಿಷಯ. ನಮ್ಮಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಅಲ್ಲಿ ಮೊದಲ ಹೆಸರು, ಕೊನೆ ಹೆಸರು ಅಂತ ಎರಡು ಖಾನೆ. ಎರಡನೆಯದರಲ್ಲಿ ಇನಿಷಿಯಲ್ ಹಾಕಿದರೆ ತಪ್ಪೇನಿಲ್ಲ. ಆದರೆ ಮಾರ್ಕ್ಸ್ ಕಾರ್ಡ್, ಆಧಾರ್, ರೆಸ್ಯೂಮೆ ಎಲ್ಲದರಲ್ಲೂ ಹೆಸರು ಒಂದೇ ತರ ಇರಲಿ. ಡಿಜಿಲಾಕರ್ ಮೂಲಕ ಆಧಾರ್ ತೋರಿಸಿ ಗುರುತು ಖಚಿತಪಡಿಸುವ ಸೌಲಭ್ಯ ಅಲ್ಲಿದೆ, ದುಡ್ಡು ಕೊಡಬೇಕಿಲ್ಲ. ಮಾಡಿಸಿಕೊಳ್ಳಿ.

ಮಾಲೀಕರ ವಿಷಯಕ್ಕೆ ಬರೋಣ. ಕೆಲಸ ಹುಡುಕುತ್ತಿದ್ದೇನೆ ಅಂತ ತಿಳಿಸುವ ‘ಓಪನ್ ಟು ವರ್ಕ್’ ಆಯ್ಕೆಯಲ್ಲಿ ಎರಡು ದಾರಿ ಇದೆ. ಎಲ್ಲರಿಗೂ ಕಾಣಲಿ ಅಂದರೆ ಫೋಟೋ ಸುತ್ತ ಹಸಿರು ಪಟ್ಟಿ ಬರುತ್ತದೆ. ಅದು ನಿಮಗೆ ಬೇಡ. ನೇಮಕಾತಿಯವರಿಗೆ ಮಾತ್ರ ಅನ್ನುವುದನ್ನು ಆರಿಸಿ. ನಿಮ್ಮದೇ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಖಾತರಿ ಕೊಡುವುದಿಲ್ಲ. ಪೀಣ್ಯದಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆ ಅಲ್ವಾ? ಆ ಎಚ್ಚರ ಇರಲಿ. ಪ್ರೊಫೈಲ್ ತಿದ್ದುವ ಮೊದಲು, ಬದಲಾವಣೆಗಳನ್ನು ಸಂಪರ್ಕದವರಿಗೆ ತಿಳಿಸುವ ಸೆಟ್ಟಿಂಗ್ ಆಫ್ ಮಾಡಿ.

ಉತ್ತರ: ಹಾಸನದ ಕಡೆಯವರು, ಈಗ ಬೊಮ್ಮಸಂದ್ರದಲ್ಲಿ ಕೆಲಸ

ನಿಮ್ಮ ಇಂಗ್ಲಿಷ್ ಭಯದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ನಾನೂ ಪಟ್ಟಿದ್ದೇನೆ. ನಮ್ಮ ಬಗ್ಗೆ ಬರೆಯುವ ‘ಅಬೌಟ್’ ಜಾಗ ಖಾಲಿ ಬಿಡಬಾರದು ಅಂತ ಇಂಟರ್‌ನೆಟ್‌ನಿಂದ ಒಂದು ಪ್ಯಾರಾ ಎತ್ತಿ ಹಾಕಿದ್ದೆ. ಭಾರೀ ಪದಗಳು. ಸಂದರ್ಶನದಲ್ಲಿ ಒಬ್ಬರು ಅದನ್ನೇ ಓದಿ, ‘ಇದರ ಅರ್ಥ ಏನು, ಒಂದು ಉದಾಹರಣೆ ಕೊಡಿ’ ಅಂದರು. ಬಾಯಿ ಕಟ್ಟಿತು. ಆ ದಿನ ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದೆ.

ಆಮೇಲೆ ಬೇರೆ ತರ ಮಾಡಿದೆ. ಅಮ್ಮ ಒಮ್ಮೆ ಫೋನಿನಲ್ಲಿ ‘ಫ್ಯಾಕ್ಟರೀಲಿ ನೀನು ಏನು ಮಾಡ್ತೀಯ?’ ಅಂತ ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ಕನ್ನಡದಲ್ಲಿ ಬರೆದುಕೊಂಡೆ. ‘ಶಾಫ್ಟ್ ಬರುತ್ತೆ, ಅಳತೆ ನೋಡ್ತೀನಿ, ಸರಿ ಇಲ್ಲದಿದ್ದರೆ ಯಾಕೆ ಅಂತ ಆಪರೇಟರ್ ಜೊತೆ ಕೂತು ಹುಡುಕ್ತೀನಿ.’ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದೆ. ಕಾಗುಣಿತ ಮಾತ್ರ ಗೆಳತಿ ನೋಡಿಕೊಟ್ಟಳು. ಐದೇ ಸಾಲು. 2600 ಅಕ್ಷರಕ್ಕೆ ಜಾಗ ಇದೆ ಅಂತ ತುಂಬಿಸಲೇಬೇಕಿಲ್ಲ. ತೆರೆದ ತಕ್ಷಣ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಈಗ ಯಾರು ಯಾವ ವಾಕ್ಯ ಹಿಡಿದು ಕೇಳಿದರೂ ಹೇಳಲು ನನ್ನ ಹತ್ತಿರ ಮಾತಿದೆ.

ಇನ್ನೊಂದು, ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಹೆಸರನ್ನು ನೀವೇ ಹೇಳಿ 10 ಸೆಕೆಂಡ್ ರೆಕಾರ್ಡ್ ಮಾಡಿ ಇಡಬಹುದು. ನನ್ನ ಹೆಸರನ್ನು ಹೊರಗಿನವರು ಸರಿಯಾಗಿ ಕರೆಯತೊಡಗಿದ್ದು ಆಮೇಲೆ.

ಉತ್ತರ: ಪೀಣ್ಯದಲ್ಲೇ 14 ವರ್ಷ

ಸಂಪರ್ಕದ ಸಂಖ್ಯೆ ಹೆಚ್ಚಿಸಲು ಹೋಗಬೇಡಿ. ನಾನು ಗೊತ್ತಿಲ್ಲದ ಮುನ್ನೂರು ಜನಕ್ಕೆ ವಿನಂತಿ ಕಳಿಸಿದ್ದೆ. ಏನೂ ಆಗಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು, ನಮ್ಮಲ್ಲಿಗೆ ಆಡಿಟ್‌ಗೆ ಬರುತ್ತಿದ್ದ ಗ್ರಾಹಕ ಕಂಪನಿಯ ಎಂಜಿನಿಯರ್ ಒಬ್ಬರಿಂದ. ನಾನು ಗೇಜ್ ಕ್ಯಾಲಿಬ್ರೇಷನ್ ದಾಖಲೆಗಳನ್ನು ಎಷ್ಟು ಅಚ್ಚುಕಟ್ಟಾಗಿ ಇಡುತ್ತೇನೆ ಅಂತ ಅವರು ಕಣ್ಣಾರೆ ಕಂಡಿದ್ದರು.

ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಹಳೇ ಸೂಪರ್‌ವೈಸರ್, ಕೆಲಸ ಬಿಟ್ಟುಹೋದ ಸಹೋದ್ಯೋಗಿ, ಡಿಪ್ಲೊಮಾ ಮೇಷ್ಟ್ರು, ಕ್ಯಾಲಿಬ್ರೇಷನ್ ಲ್ಯಾಬ್‌ನವರು, ಆಡಿಟರ್. ಮೂವತ್ತು ಹೆಸರು ಬಂದರೂ ಸಾಕು. ವಿನಂತಿ ಜೊತೆ ಎರಡು ಸಾಲು ಬರೆಯಿರಿ. ‘ಸರ್, ಗೇರ್ ಬ್ಲಾಂಕ್ ರಿಜೆಕ್ಷನ್ ಆದಾಗ ನಿಮ್ಮ ಜೊತೆ ಕೂತು ಕಾರಣ ಹುಡುಕಿದ್ದೆವು, ನೆನಪಿದೆಯಾ?’ ಅಂದರೆ ಯಾರು ಬೇಡ ಅನ್ನುತ್ತಾರೆ? ಉಚಿತ ಖಾತೆಯಲ್ಲಿ ಇಂಥ ಟಿಪ್ಪಣಿಗೆ ತಿಂಗಳ ಮಿತಿ ಇದೆ, ಹಾಗಾಗಿ ಬೇಕಾದವರಿಗೇ ಬಳಸಿ. ಕೆಲಸ ಬಿಟ್ಟುಹೋದ ಸೂಪರ್‌ವೈಸರ್ ಹತ್ತಿರ ಒಂದು ಶಿಫಾರಸು ಬರೆಸಿಕೊಳ್ಳಿ. ಈಗ ಇರುವವರನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ.

ದಿನಾ ಪೋಸ್ಟ್ ಹಾಕಿ ಅಂತ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಿಂಗಳಿಗೆ ಒಂದು ಸಾಕು, ಅದೂ ಹೇಳಲು ಏನಾದರೂ ಇದ್ದರೆ. ಗ್ರಾಹಕರ ಡ್ರಾಯಿಂಗ್, ಭಾಗದ ಫೋಟೋ ಮಾತ್ರ ಯಾವತ್ತೂ ಹಾಕಬೇಡಿ. ಅದು ನಮ್ಮ ಸೊತ್ತಲ್ಲ.

ಉತ್ತರ: ಒಂದೇ ಎಚ್ಚರಿಕೆ

ಪ್ರೊಫೈಲ್ ಚೆನ್ನಾದ ಮೇಲೆ ಮೋಸದವರೂ ಬರುತ್ತಾರೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಅಂತ ದುಡ್ಡು ಕೇಳಿದರೆ, ಟೆಲಿಗ್ರಾಂಗೆ ಬನ್ನಿ ಅಂದರೆ ಅಲ್ಲಿಗೇ ನಿಲ್ಲಿಸಿ. ನನ್ನ ತಮ್ಮ 18,000 ರೂಪಾಯಿ ಕಳೆದುಕೊಂಡ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅವನಿಗೆ ಅದು ಗೊತ್ತಿರಲಿಲ್ಲ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಹೆಸರಿನ ಕೆಳಗಿನ ಸಾಲು ಬರೆದೆ. ಇಂಗ್ಲಿಷಿನಲ್ಲಿ ಹಾಕುತ್ತೇನೆ, ಅರ್ಥ ಇದು: ‘ಕ್ವಾಲಿಟಿ ಇನ್‌ಸ್ಪೆಕ್ಟರ್, 6 ವರ್ಷ. ಸಿಎಂಎಂ, ಜಿಡಿ ಅಂಡ್ ಟಿ, ಪಿಪಿಎಪಿ ಪರಿಣತೆ. ವಾಹನದ ಶಾಫ್ಟ್ ಮತ್ತು ಗೇರ್ ಭಾಗಗಳು.’ (ಜಿಡಿ ಅಂಡ್ ಟಿ ಅಂದರೆ ಡ್ರಾಯಿಂಗ್‌ನಲ್ಲಿ ಆಕಾರ, ಅಳತೆಯ ಮಿತಿ ತೋರಿಸುವ ಚಿಹ್ನೆಗಳ ಪದ್ಧತಿ.) ಮೂವತ್ತು ಹೆಸರಿನಲ್ಲಿ ಇಪ್ಪತ್ತೆರಡು ಸಿಕ್ಕಿವೆ. ಡಿಪ್ಲೊಮಾ ಮೇಷ್ಟ್ರು ಆಗಲೇ ಉತ್ತರ ಕೊಟ್ಟರು.

ಉತ್ತರ: ಜನ ಹುಡುಕಿಕೊಡುವವರು

ಚೆನ್ನಾಗಿದೆ. ಒಂದು ಪ್ರಶ್ನೆ. ಪಿಪಿಎಪಿ ಪೂರ್ತಿ ನೀವೇ ಮಾಡಿ ಗ್ರಾಹಕರಿಗೆ ಕಳಿಸಿದ್ದೀರಾ, ಅಥವಾ ಅಳತೆಯ ವರದಿ ಮಾತ್ರ ನಿಮ್ಮದಾ?

ಪ್ರಶ್ನೆ ಕೇಳಿದವರು

ಅಳತೆಯ ವರದಿ, ಎಂಎಸ್ಎ (ಅಳತೆ ತೆಗೆಯುವ ವಿಧಾನ ನಂಬುವಂತಿದೆಯಾ ಅಂತ ನೋಡುವ ಪರೀಕ್ಷೆ) ಎರಡೂ ನಾನೇ ಮಾಡುತ್ತೇನೆ. ಉಳಿದದ್ದು ನಮ್ಮ ಮ್ಯಾನೇಜರ್.

ಉತ್ತರ: ಜನ ಹುಡುಕಿಕೊಡುವವರು

ಹಾಗಾದರೆ ‘ಪರಿಣತೆ’ ತೆಗೆದು, ‘ಪಿಪಿಎಪಿಗೆ ಅಳತೆ ವರದಿ ಮತ್ತು ಎಂಎಸ್ಎ’ ಅಂತ ಬರೆಯಿರಿ. ನಾನು ಹುಡುಕುವ ಪಿಪಿಎಪಿ ಅನ್ನೋ ಪದವೂ ಅದರಲ್ಲಿ ಬಂತು. ಈಗ ರೆಸ್ಯೂಮೆಯಲ್ಲೂ ಅದೇ ಸಾಲು ತಿದ್ದಿ.