ಗ್ಯಾಸ್ ಗೀಸರ್: ಟಿಕ್ ಟಿಕ್ ಅನ್ನುತ್ತೆ, ಬೆಂಕಿ ಹತ್ತಲ್ಲ

ಪ್ರಶ್ನೆ, ಚಿಂತಾಮಣಿಯಿಂದ:

6 ಲೀಟರಿನ ಗ್ಯಾಸ್ ಗೀಸರ್. ಚಳಿ ಶುರುವಾದಾಗಿನಿಂದ ಬೆಳಗಿನ ಹೊತ್ತು ಹತ್ತುತ್ತಿಲ್ಲ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಅಂತ ಕಿಡಿಯ ಸದ್ದು ಬರುತ್ತೆ, ಬೆಂಕಿ ಬರಲ್ಲ. ಐದಾರು ಸಲ ನಲ್ಲಿ ತೆರೆದು ಮುಚ್ಚಿದ ಮೇಲೆ ಒಮ್ಮೊಮ್ಮೆ ಢಬ್ ಅಂತ ಹೊತ್ತಿಕೊಳ್ಳುತ್ತೆ. ಮಧ್ಯಾಹ್ನ ಒಂದೇ ಸಲಕ್ಕೆ ಹತ್ತುತ್ತೆ. ಸೆಲ್ ಎರಡೂ ಹೊಸದು. ಅದೇ ಸಿಲಿಂಡರಿನಿಂದ ಒಲೆಗೂ ಪೈಪ್ ಹೋಗಿದೆ, ಒಲೆ ಚೆನ್ನಾಗಿ ಉರಿಯುತ್ತೆ, ಹಾಗಾಗಿ ಗ್ಯಾಸಿನ ತೊಂದರೆ ಅಲ್ಲ. ಗೀಸರ್ ಬಚ್ಚಲುಮನೆ ಒಳಗಿದೆ, ಚಳಿಗೆ ಕಿಟಕಿ ಮುಚ್ಚಿರುತ್ತೆ. ರಿಪೇರಿಯವರು ಡಯಾಫ್ರಾಮ್ ಬದಲಿಸಬೇಕು ಅಂತಾರೆ. ಬದಲಿಸಲೇಬೇಕಾ?

ಉತ್ತರ 1, ಕೋಲಾರದಿಂದ:

ಡಯಾಫ್ರಾಮ್‌ಗೆ ದುಡ್ಡು ಹಾಕಬೇಡಿ. ನೀರಿನ ಒತ್ತಡಕ್ಕೆ ಆ ರಬ್ಬರ್ ಬಿಲ್ಲೆ ಉಬ್ಬಿ ಕಡ್ಡಿಯನ್ನು ತಳ್ಳಿದರೆ ಮಾತ್ರ ಮೈಕ್ರೋಸ್ವಿಚ್ ಒತ್ತುತ್ತೆ, ಆಗ ಮಾತ್ರ ಕಿಡಿ ಹಾರುತ್ತೆ. ನಿಮಗೆ ಟಿಕ್ ಟಿಕ್ ಬರುತ್ತಿದೆ ಅಂದರೆ ನೀರಿನ ಕಡೆಯ ಕೆಲಸ ಆಗುತ್ತಿದೆ. ಸದ್ದೇ ಇಲ್ಲದಿದ್ದರೆ ಮಾತು ಬೇರೆ. ಆಗ ನೀರು ಒಳಗೆ ಬರುವ ಕಡೆಯ ಜಾಲರಿ ಬಿಚ್ಚಿ ತೊಳೆಯಬೇಕು (ನಮ್ಮ ಕಡೆ ಬೋರ್‌ವೆಲ್ ನೀರಿಗೆ ಅದರಲ್ಲಿ ಸುಣ್ಣದ ಹರಳು ಕಟ್ಟೇ ಕಟ್ಟುತ್ತೆ), 15 ಲೀಟರಿನ ಬಕೆಟ್ 5 ನಿಮಿಷದೊಳಗೆ ತುಂಬುತ್ತಾ ನೋಡಬೇಕು. ಅದಕ್ಕಿಂತ ನಿಧಾನವಾದರೆ ಒತ್ತಡ ಸಾಲದು.

ನೀವು ಕೇಳಿಸಿಕೊಳ್ಳಬೇಕಾದದ್ದು ಇನ್ನೊಂದು ಸದ್ದು. ನಲ್ಲಿ ತಿರುಗಿಸಿದ ತಕ್ಷಣ, ಟಿಕ್ ಟಿಕ್ ಜೊತೆಗೆ, ಒಂದೇ ಒಂದು ಗಟ್ಟಿ ‘ಟಕ್’ ಬರಬೇಕು. ಅದು ಸೊಲೆನಾಯ್ಡ್ ವಾಲ್ವ್ (ಸೆಲ್ಲಿನ ಕರೆಂಟಿನಿಂದ ತೆರೆದು ಗ್ಯಾಸ್ ಬಿಡುವ ವಾಲ್ವ್) ತೆರೆದ ಸದ್ದು. ಅದು ಬರದಿದ್ದರೆ ಗ್ಯಾಸ್ ಬರ್ನರಿಗೆ ಹೋಗಿಯೇ ಇಲ್ಲ. ಕಿಡಿಗೆ ಬೇಕಾದ ಕರೆಂಟ್ ಕಮ್ಮಿ, ವಾಲ್ವ್ ಎಳೆಯುವುದಕ್ಕೆ ಜಾಸ್ತಿ. ಅದಕ್ಕೇ ಸೆಲ್ ಸೋತಾಗ ಟಿಕ್ ಟಿಕ್ ಉಳಿಯುತ್ತೆ, ಟಕ್ ಹೋಗುತ್ತೆ.

ಹೊಸ ಸೆಲ್ ಅಂದಿರಿ. ಸೆಲ್ ಪೆಟ್ಟಿಗೆಯ ಸ್ಪ್ರಿಂಗ್, ತಗಡು ನೋಡಿದಿರಾ? ಬಚ್ಚಲಿನ ಆವಿಗೆ ಅಲ್ಲಿ ಹಸಿರು ಕಿಲುಬು ಕಟ್ಟುತ್ತೆ. ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಆಮೇಲೆ ಮಲ್ಟಿಮೀಟರ್ ಇಟ್ಟು, ಕಿಡಿ ಹಾರುತ್ತಿರುವಾಗಲೇ ಪೆಟ್ಟಿಗೆಯಿಂದ ಹೊರಡುವ ಎರಡು ವೈರಿನ ನಡುವೆ ಅಳೆಯಿರಿ. ಸುಮ್ಮನಿದ್ದಾಗ 3 ವೋಲ್ಟ್ ತೋರಿಸುವುದು ಲೆಕ್ಕಕ್ಕಿಲ್ಲ. ಹೊರೆ ಬಿದ್ದಾಗ 2.5ಕ್ಕಿಂತ ಕೆಳಗೆ ಬಿದ್ದರೆ ಸೆಲ್ಲೋ ಸಂಪರ್ಕವೋ ಕೆಟ್ಟಿದೆ. ಹಾಕುವಾಗ ಆಲ್ಕಲೈನ್ ದೊಡ್ಡ ಸೆಲ್ ಹಾಕಿ, ಗೋಡೆ ಗಡಿಯಾರಕ್ಕೆ ನಡೆಯುವ ಅಗ್ಗದ ಮಾಲು ಇಲ್ಲಿ ತಡೆಯಲ್ಲ.

ಉತ್ತರ 2, ತುಮಕೂರಿನಿಂದ:

ಮೇಲಿನದೆಲ್ಲ ಸರಿ. ಆದರೆ ‘ಒಲೆ ಉರಿಯುತ್ತೆ, ಹಾಗಾಗಿ ಗ್ಯಾಸಿನ ತೊಂದರೆ ಅಲ್ಲ’ ಅನ್ನುವುದನ್ನು ಒಪ್ಪಲಾರೆ. ನಿಮ್ಮ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 1 ಕೆಜಿ ಗ್ಯಾಸ್ ಎಳೆಯುತ್ತೆ, ಒಲೆಯ ಒಂದು ಬರ್ನರಿನ ಐದಾರು ಪಟ್ಟು. ಒಲೆಗೆ ಸಾಕಾದದ್ದು ಗೀಸರಿಗೆ ಸಾಲದೇ ಇರಬಹುದು.

ಬೆಳಗ್ಗೆ ಮಾತ್ರ ಯಾಕೆ ಅಂದರೆ, ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯೂಟೇನ್ ಎರಡೂ ಬೆರೆತ ದ್ರವ. ಪ್ರೋಪೇನ್ ಬೇಗ ಆವಿಯಾಗಿ ಮೊದಲು ಖಾಲಿಯಾಗುತ್ತೆ, ಕೊನೆಗೆ ಉಳಿಯುವುದು ಹೆಚ್ಚಿನಂಶ ಬ್ಯೂಟೇನ್. ಅದಕ್ಕೆ ಚಳಿಯಲ್ಲಿ ಒತ್ತಡ ಕಮ್ಮಿ. ಬಿಸಿಲೇರಿದ ಮೇಲೆ ಸರಿಹೋಗುತ್ತೆ. ಸಿಲಿಂಡರ್ ತೂಗಿ, ಅದರ ಮೇಲೆ ಬರೆದಿರುವ ಖಾಲಿ ತೂಕ ಕಳೆಯಿರಿ. 2–3 ಕೆಜಿ ಮಾತ್ರ ಉಳಿದಿದ್ದರೆ ತುಂಬಿದ ಸಿಲಿಂಡರಿಗೆ ಹಾಕಿ, ಒಲೆ ಆರಿಸಿ ಒಮ್ಮೆ ಪರೀಕ್ಷೆ ಮಾಡಿ. ಒತ್ತಡ ಸಾಲದು ಅಂತ ಹೋಟೆಲಿನವರ ಹೈ ಪ್ರೆಷರ್ ರೆಗ್ಯುಲೇಟರ್ ಮಾತ್ರ ಹಾಕಲೇಬೇಡಿ. ಗೀಸರಿನ ವಾಲ್ವ್ ಆ ಒತ್ತಡಕ್ಕೆ ಮಾಡಿದ್ದಲ್ಲ.

ಢಬ್ ಅನ್ನುವುದು ಕಿಡಿ ತಡವಾಗಿ ತಗುಲಿದ ಗುರುತು. ಅಷ್ಟರಲ್ಲಿ ಗ್ಯಾಸ್ ಸೇರಿಕೊಂಡಿರುತ್ತೆ. ಸಿಲಿಂಡರ್ ಬಂದ್ ಮಾಡಿ, ಮುಂದಿನ ಕವರ್ ತೆಗೆದು ಕಿಡಿ ಕಡ್ಡಿ ನೋಡಿ. ತುದಿಗೂ ಬರ್ನರಿಗೂ 3–5 ಮಿಲಿಮೀಟರ್ ಅಂತರ ಇರಲಿ, ಮಸಿ ಒರೆಸಿ. ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕಿದ್ದರೂ ಕಿಡಿ ತುದಿಗೆ ಹೋಗದೆ ಅಲ್ಲೇ ಹಾರುತ್ತೆ, ತೇವ ಇದ್ದ ಬೆಳಗ್ಗೆಯಂತೂ ಇನ್ನೂ ಹೆಚ್ಚು. ಅಂಥದ್ದನ್ನು ಬದಲಿಸಿ.

ಉತ್ತರ 3, ಚಿಕ್ಕಬಳ್ಳಾಪುರದಿಂದ:

ದಯವಿಟ್ಟು ರಿಪೇರಿಗಿಂತ ಮೊದಲು ಇದನ್ನು ಓದಿ. ಗೀಸರ್ ಬಚ್ಚಲೊಳಗೆ, ಕಿಟಕಿ ಮುಚ್ಚಿ, ಒಳಗೆ ಮನುಷ್ಯರು ಸ್ನಾನ ಮಾಡುವುದು. ಇದು ಜೀವ ತೆಗೆಯುವ ಜೋಡಣೆ. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಗ್ಯಾಸಿಗೆ ಬೆರೆಸಿರುವ ವಾಸನೆ ಉರಿಯದ ಗ್ಯಾಸ್ ಸೋರಿದರೆ ಮಾತ್ರ ಗೊತ್ತಾಗುವುದು. ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರಲ್ಲ. ಹೊರಗೋಡೆಗೆ, ಮಳೆ ಬೀಳದ ಸಜ್ಜೆಯ ಕೆಳಗೆ ಗೀಸರ್ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅಲ್ಲಿಯವರೆಗೆ ಕಿಟಕಿ, ಬಾಗಿಲು ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಸ್ನಾನ.

ಇನ್ನೊಂದು: ಹತ್ತಲಿಲ್ಲ ಅಂತ ಐದಾರು ಸಲ ಒಂದೇ ಸಮ ತಿರುಗಿಸಬೇಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಿಳಿದು ಕೂರುತ್ತೆ. ಎರಡು ಸಲಕ್ಕೆ ಹತ್ತದಿದ್ದರೆ ನಲ್ಲಿ ಮುಚ್ಚಿ, ಕಿಟಕಿ ಬಾಗಿಲು ತೆಗೆದು 5 ನಿಮಿಷ ಬಿಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಕೇಳಿದವರಿಂದ:

ಸ್ಪ್ರಿಂಗಿನಲ್ಲಿ ಹಸಿರು ಕಿಲುಬಿತ್ತು. ಉಜ್ಜುವ ಮುಂಚೆ ಕಿಡಿ ಹಾರುವಾಗ 2.1, ಆಮೇಲೆ 2.8. ಈಗ ಟಕ್ ಪ್ರತಿ ಸಲ ಬರುತ್ತೆ, ಬೆಂಕಿ ಎರಡನೇ ಸಲಕ್ಕೆ ಹತ್ತುತ್ತೆ. ಸಿಲಿಂಡರ್ ತೂಕ 17.6, ಬರೆದಿರುವುದು 15.4. ಹೊರಗೋಡೆಗೆ ಹಾಕಲು ಪ್ಲಂಬರಿಗೆ ಹೇಳಿದ್ದೇನೆ.

ಉತ್ತರ 2, ತುಮಕೂರಿನಿಂದ:

ಅಂದರೆ 2.2 ಕೆಜಿ ಉಳಿದಿದೆ. ಅದನ್ನು ಒಲೆಗೆ ಬಳಸಿ ಮುಗಿಸಿ, ಗೀಸರಿಗೆ ತುಂಬಿದ್ದು ಹಾಕಿ. ಮೊದಲ ಸಲ ಪೈಪಿನಲ್ಲಿ ಗಾಳಿ ಇರುತ್ತೆ, ಎರಡು ಮೂರು ಸಲ ಬಿಟ್ಟು ಬಿಟ್ಟು ಪ್ರಯತ್ನಿಸಬೇಕಾಗುತ್ತೆ. ಜಾಗ ಬದಲಿಸುವಾಗ ಹಳೇ ರಬ್ಬರ್ ಪೈಪ್ ಮತ್ತೆ ಹಾಕಬೇಡಿ. ಅದರ ಮೇಲೆ ಅಚ್ಚಾಗಿರುವ ವರ್ಷ ನೋಡಿ, 5 ವರ್ಷ ದಾಟಿದ್ದರೆ ಹೊಸದು ತನ್ನಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತಾ ನೋಡಿ.