ಕಾರಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದರೆ ಚಾರ್ಜಿಂಗ್ ಖರ್ಚು ಉಳಿಯುತ್ತದೆಯೇ?

ಪ್ರಶ್ನೆ (ಶಿಕ್ಷಕರು, ಗುಬ್ಬಿ): ನಮಸ್ಕಾರ ಮೇಡಂ. ನನ್ನದು ಚಿಕ್ಕ ಎಲೆಕ್ಟ್ರಿಕ್ ಕಾರು. ತುಮಕೂರಿನ ಶಾಲೆಗೆ ಹೋಗಿಬರಲು ದಿನಕ್ಕೆ ಸುಮಾರು 40 ಕಿ.ಮೀ. ಆಗುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ಕಾರು ಶಾಲೆಯ ಆವರಣದಲ್ಲಿ ಹೊಂಗೆ ಮರದ ಕೆಳಗೆ ಸುಮ್ಮನೆ ನಿಂತಿರುತ್ತದೆ. ಅದರ ಮೇಲೆ ಪ್ಯಾನೆಲ್ ಕೂರಿಸಿಕೊಡಲು ಅಂಗಡಿಯವರೊಬ್ಬರು 45,000 ರೂಪಾಯಿ ಹೇಳಿದ್ದಾರೆ. ಆಮೇಲೆ ಕರೆಂಟ್ ಬಿಲ್ಲಿನ ಗೊಡವೆಯೇ ಇರುವುದಿಲ್ಲವಂತೆ. ಹಾಕಿಸಬಹುದೇ?

ಉತ್ತರ (ಸೋಲಾರ್ ಅಳವಡಿಕೆ ಎಂಜಿನಿಯರ್, ತುಮಕೂರು): ಬೇಡ ಸರ್. ಲೆಕ್ಕ ನೋಡಿ. ಚಿಕ್ಕ ಕಾರಿನ ಮೇಲೆ ಪ್ಯಾನೆಲ್ ಹಿಡಿಸುವ ಜಾಗ ಹೆಚ್ಚೆಂದರೆ 2 ಚದರ ಮೀಟರ್. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಕೊಡುತ್ತದೆ, ಪ್ಯಾನೆಲ್ ಅದರಲ್ಲಿ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ ಮಾಡುತ್ತದೆ. ಅಂದರೆ 400 ವ್ಯಾಟ್. ನಮ್ಮ ಕಡೆಯ ಬಿಸಿಲನ್ನು ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲೆಂದು ಹಿಡಿದರೆ 2 ಯೂನಿಟ್. ಕಾದ ಪ್ಯಾನೆಲ್ ಕಡಿಮೆ ಉತ್ಪಾದಿಸುತ್ತದೆ, ಧೂಳು ಕೂರುತ್ತದೆ, ವೋಲ್ಟೇಜ್ ಏರಿಸುವಾಗಲೂ ಒಂದಿಷ್ಟು ಸೋರುತ್ತದೆ. ಕೈಗೆ ಸಿಗುವುದು ಒಂದೂವರೆ ಯೂನಿಟ್, ಅದರಲ್ಲಿ ಹತ್ತು ಹನ್ನೆರಡು ಕಿ.ಮೀ. ಓಡಬಹುದು. ಯೂನಿಟ್‌ಗೆ 6 ರೂಪಾಯಿಯಂತೆ ಉಳಿತಾಯ ದಿನಕ್ಕೆ 9 ರೂಪಾಯಿ. 45,000 ಹುಟ್ಟಬೇಕಾದರೆ 5,000 ದಿನ ಬೇಕು, ಹದಿಮೂರು ವರ್ಷಕ್ಕೂ ಹೆಚ್ಚು.

ಇದೂ ಕಾರು ದಿನವಿಡೀ ಬಟಾಬಯಲಿನಲ್ಲಿ ನಿಂತರೆ ಮಾತ್ರ. ಪ್ಯಾನೆಲ್ಲಿನ ಕೋಶಗಳು ಒಂದಕ್ಕೊಂದು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಆ ಸಾಲಿನ ಉತ್ಪಾದನೆ ಕುಸಿಯುತ್ತದೆ. ಹಾಗೆಂದು ಬಿಸಿಲಿಗೆ ತಂದು ನಿಲ್ಲಿಸಿದರೆ ಸಂಜೆ ಬಾಗಿಲು ತೆಗೆದಾಗ ಸ್ಟಿಯರಿಂಗ್ ಮುಟ್ಟಲಾಗುವುದಿಲ್ಲ. ಒಳಗನ್ನು ತಂಪು ಮಾಡಲು ಎ.ಸಿ. ಓಡಿಸಿದರೆ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಯಿತು.

ಅಂಗಡಿಯವರು ಇದನ್ನು ಹೇಳಿರಲಿಕ್ಕಿಲ್ಲ: ಮನೆಯ ಪ್ಲಗ್‌ನಿಂದ ಚಾರ್ಜ್ ಆಗುವಾಗ ಕಾರು ಸಾಮಾನ್ಯವಾಗಿ 6 ಆಂಪಿಯರ್‌ಗಿಂತ ಕಡಿಮೆ ಒಪ್ಪುವುದಿಲ್ಲ. 230 ವೋಲ್ಟ್‌ನಲ್ಲಿ ಅದು ಸುಮಾರು 1,400 ವ್ಯಾಟ್. ನಿಮ್ಮ 400 ವ್ಯಾಟ್‌ಗೆ ಚಾರ್ಜಿಂಗ್ ಶುರುವೇ ಆಗದು. ನಡುವೆ ಇನ್ನೊಂದು ಬ್ಯಾಟರಿ, ಇನ್ವರ್ಟರ್ ಬೇಕು. ಡಿಕ್ಕಿ ತುಂಬುತ್ತದೆ, ತೂಕ ಏರುತ್ತದೆ. ಅದು ಬೇಡವೆಂದು ಮುಖ್ಯ ಬ್ಯಾಟರಿಯ ತಂತಿಗೇ ಕೈ ಹಾಕಿದರೆ ವಾರಂಟಿ ಹೋಯಿತೆಂದೇ ತಿಳಿಯಿರಿ. ಅದರಲ್ಲಿರುವುದು ಜೀವ ತೆಗೆಯುವಷ್ಟು ವೋಲ್ಟೇಜ್.

ಸದಸ್ಯರು (ಪಾವಗಡ): ನಮ್ಮ ಸೋಲಾರ್ ಪಾರ್ಕಿನಲ್ಲಿ 2,050 ಮೆಗಾವ್ಯಾಟ್ ತೆಗೆಯುತ್ತಾರೆ. ಒಂದು ಕಾರಿಗೆ ಆಗುವುದಿಲ್ಲ ಎಂದರೆ ನಂಬುವುದು ಹೇಗೆ ಅಕ್ಕಾ?

ಉತ್ತರ: ಅಣ್ಣ, ಅದಕ್ಕೆ ಸುಮಾರು 13,000 ಎಕರೆ ಬಿಟ್ಟುಕೊಟ್ಟವರು ನಿಮ್ಮೂರಿನ ರೈತರೇ ಅಲ್ಲವೇ! ಬಿಸಿಲಿಗೆ ಬರವಿಲ್ಲ, ಕಾರಿನ ಮೇಲೆ ಜಾಗಕ್ಕೆ ಬರ.

ಸದಸ್ಯೆ (ಶಿರಾ): ವಿದೇಶದಲ್ಲಿ ಸೋಲಾರ್ ಕಾರುಗಳು ಓಡುತ್ತಿವೆಯಲ್ಲ ಮೇಡಂ?

ಉತ್ತರ: ಆಸ್ಟ್ರೇಲಿಯಾದಲ್ಲಿ 1987ರಿಂದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ 3,000 ಕಿ.ಮೀ. ಸ್ಪರ್ಧೆ ನಡೆಯುತ್ತಿದೆ. ಅಲ್ಲಿನ ಹೆಚ್ಚಿನ ವಾಹನಗಳಲ್ಲಿ ಚಾಲಕ ಹಿಡಿಸುವುದೇ ಕಷ್ಟ, ಸಂಸಾರ ಕೂರುವ ಕಾರುಗಳಲ್ಲ ಅವು. ನೆದರ್ಲೆಂಡ್ಸ್‌ನ ಲೈಟ್‌ಇಯರ್ ಕಂಪನಿ 5 ಚದರ ಮೀಟರ್ ಪ್ಯಾನೆಲ್ ಹೊದಿಸಿದ ಕಾರು ತಂದಿತು. ಬಿಸಿಲಿನಿಂದಲೇ ದಿನಕ್ಕೆ 70 ಕಿ.ಮೀ.ವರೆಗೆ ಎಂದಿತು, ಬೆಲೆ ಎರಡೂವರೆ ಲಕ್ಷ ಯೂರೊ. 2023ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಜರ್ಮನಿಯ ಸೋನೊ ಮೋಟರ್ಸ್ ಮರು ತಿಂಗಳೇ ತನ್ನ ಸಿಯೋನ್ ಕಾರನ್ನು ಕೈಬಿಟ್ಟಿತು. ನಮ್ಮಲ್ಲಿ ಪುಣೆಯ ವೇವ್ ಕಂಪನಿಯ ಈವಾ ಎಂಬ ಪುಟ್ಟ ಕಾರಿದೆ. ಸೌರ ಚಾವಣಿಯಿಂದ ವರ್ಷಕ್ಕೆ 3,000 ಕಿ.ಮೀ.ವರೆಗೆ ಓಡಬಹುದೆಂದು ಅವರೇ ಹೇಳುತ್ತಾರೆ. ಭಾಗಿಸಿದರೆ ದಿನಕ್ಕೆ ಎಂಟು ಚಿಲ್ಲರೆ, ನನ್ನ ಲೆಕ್ಕದ ಆಸುಪಾಸಿನಲ್ಲೇ ಇದೆ. ಹಗುರವಾದ ಕಾರು, ಊರೊಳಗಿನ ಓಡಾಟ ಎಂದಾದರೆ ಅದನ್ನು ತೆಗೆದುಹಾಕುವಂತಿಲ್ಲ.

ಪೆಟ್ರೋಲ್ ಕಾರಿನವರು ಬೇರೆಯಾಗಿ ಕೇಳಿದ್ದರು: ವಾರಗಟ್ಟಲೆ ನಿಲ್ಲಿಸಿಟ್ಟಾಗ 12 ವೋಲ್ಟ್ ಬ್ಯಾಟರಿ ಕೂತುಹೋಗದಂತೆ ಕಾಯಲು 20 ವ್ಯಾಟ್ ಪ್ಯಾನೆಲ್ ಸಾಕು, ನಡುವೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇರಲಿ.

ಪ್ರಶ್ನೆ (ಗುಬ್ಬಿ): ಅರ್ಥವಾಯಿತು. ಹಾಗಾದರೆ ಮನೆಯ ತಾರಸಿಯ ಮೇಲೆ? ಆದರೆ ಹಗಲು ಕಾರು ಮನೆಯಲ್ಲಿರುವುದಿಲ್ಲವಲ್ಲ.

ಉತ್ತರ: ಇರಬೇಕಾಗಿಯೂ ಇಲ್ಲ. ನೆಟ್ ಮೀಟರ್ ಹಾಕಿಸಿದರೆ ಹಗಲು ಹೆಚ್ಚಾದದ್ದು ಬೆಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ಕಾರಿಗೆ ಎಳೆದುಕೊಂಡದ್ದು ಅದರಲ್ಲಿ ವಜಾ ಆಗುತ್ತದೆ. 3 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 300 ಚದರ ಅಡಿ ಬೇಕು. ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ. ನಿಮ್ಮ 40 ಕಿ.ಮೀ.ಗೆ ಆರು ಸಾಕು, ಮಿಕ್ಕಿದ್ದು ಮನೆಗೆ. ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿಯೂ ಇದೆ. ಅರ್ಜಿ ಹಾಕುವ ಮೊದಲು ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆ ಯಾರ ಹೆಸರಿನಲ್ಲಿದೆ ನೋಡಿ. ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಆಮೇಲೆ ತಾರಸಿಯ ಫೋಟೊ ಕಳಿಸಿ, ನೀರಿನ ಟ್ಯಾಂಕಿನ ನೆರಳು ಎತ್ತ ಬೀಳುತ್ತದೆಂದು ನೋಡಿ ಹೇಳುತ್ತೇನೆ.